ಬೆಲ್ಟಿಗೆ ವಾರಂಟಿ ಇಲ್ಲ

ಮುಂದೆ ಎರಡು ಜಾರುಪಟ್ಟಿ, ಹಿಂದೆ ಯುದ್ಧಟ್ಯಾಂಕಿಗೆ ಇರುವಂಥ ಅಗಲವಾದ ರಬ್ಬರ್ ಪಟ್ಟೆ, ನಡುವೆ ಸ್ಕೂಟರಿನಂಥ ಸೀಟು. ಸ್ನೋಮೊಬೈಲ್ ಎಂದರೆ ಇಷ್ಟೇ. ಸಿಯಾಚಿನ್‌ನಲ್ಲಿ ನಮ್ಮ ಸೈನಿಕರು ಇದನ್ನು ಓಡಿಸುತ್ತಾರೆ. ಗುಲ್ಮಾರ್ಗಕ್ಕೆ ಪ್ರವಾಸ ಹೋದವರು ದುಡ್ಡು ಕೊಟ್ಟು ಒಂದು ಸುತ್ತು ಹೊಡೆದು ಫೋಟೋ ತೆಗೆಸಿಕೊಂಡು ಬರುತ್ತಾರೆ. ಆದರೆ ಈ ವಾಹನ ಕೆಟ್ಟು ನಿಂತರೆ ಗತಿಯೇನು, ರಿಪೇರಿಯ ಖರ್ಚು ಯಾರ ತಲೆಗೆ ಎಂಬುದು ಫೋಟೋದಲ್ಲಿ ಕಾಣುವುದಿಲ್ಲ.

ಇದರ ಹುಟ್ಟಿನ ಹಿಂದೆ ಒಂದು ಮಗುವಿನ ಸಾವಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆನೋವು ವಿಷಮಿಸಿತು. ದಾರಿಯೆಲ್ಲ ಹಿಮದಲ್ಲಿ ಹೂತುಹೋಗಿ ಮಗುವನ್ನು ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಬಂಡಿಗಾಗಿ ಮೊದಲಿನಿಂದಲೂ ಪ್ರಯೋಗ ನಡೆಸಿದ್ದ ಆತ ಪಟ್ಟು ಬಿಡದೆ 1937ರಲ್ಲಿ ತನ್ನ ಹಲ್ಲುಚಕ್ರ ಮತ್ತು ಪಟ್ಟೆಯ ವ್ಯವಸ್ಥೆಗೆ ಪೇಟೆಂಟ್ ಪಡೆದ. ಒಬ್ಬಿಬ್ಬರು ಕೂತು ಹೋಗುವ ಹಗುರ ಗಾಡಿ ‘ಸ್ಕೀ-ಡೂ’ ಬಂದದ್ದು 1959ರಲ್ಲಿ. ಮೋಜಿನ ವಾಹನ ಎಂದು ಇದನ್ನು ಹಗುರವಾಗಿ ಕಾಣುವವರಿಗೆ ನಾನು ಈ ಕಥೆ ಹೇಳುತ್ತೇನೆ.

2022ರ ಡಿಸೆಂಬರ್ ಕೊನೆಯಲ್ಲಿ ಮಗಳ ಬಾಣಂತನಕ್ಕೆಂದು ನನ್ನಾಕೆ ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲುತ್ ನಗರಕ್ಕೆ ಹೊರಟಳು. ಗಳಿಕೆ ರಜೆ ಹಾಕಿ ನಾನೂ ಜೊತೆಗೆ ಹೋದೆ. ಬಾಣಂತಿ ಕೋಣೆಯಲ್ಲಿ ಗಂಡಸಿಗೇನು ಕೆಲಸ? ಮೂರನೆಯ ವಾರಕ್ಕೆ ಅಳಿಯಂದಿರೇ, “ಮಾವ, ಬೇಜಾರಾಗಿರಬೇಕು, ಒಂದು ಸುತ್ತು ಹೋಗಿ ಬರೋಣ ಬನ್ನಿ” ಎಂದು ಷೆಡ್ಡಿನಿಂದ ಗಾಡಿ ತೆಗೆದರು. ಹಿಂದಿನ ಫೆಬ್ರವರಿಯಲ್ಲಿ ಕೊಂಡ ಹೊಸ ಗಾಡಿ. ಕಂಪನಿಯ ಹೆಸರು ಇಲ್ಲಿ ಬೇಡ.

ಅದರ ಎಂಜಿನ್ ಎರಡು ಸ್ಟ್ರೋಕಿನದು. ಹಳೆಯ ಸುವೇಗ, ಲೂನಾ ಓಡಿಸಿದವರಿಗೆ ಆ ಹೊಗೆಯ ವಾಸನೆ ಪರಿಚಿತ. ಗೇರು ಬದಲಿಸುವ ಗೋಜಿಲ್ಲ. ಕೈನೆಟಿಕ್ ಹೋಂಡಾದಲ್ಲಿ ಇದ್ದ, ಈಗ ಆ್ಯಕ್ಟಿವಾದಲ್ಲಿ ಇರುವ ಉಪಾಯವೇ ಇಲ್ಲೂ ಇದೆ: ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಎಂಜಿನ್ ವೇಗ ಹೆಚ್ಚಿದಂತೆ ಕೇಂದ್ರಾಪಗಾಮಿ ಬಲದಿಂದ ಮುಂದಿನ ಪುಲ್ಲಿಯ ಎರಡು ತಟ್ಟೆಗಳು ಹತ್ತಿರವಾಗಿ ಬೆಲ್ಟನ್ನು ಮೇಲಕ್ಕೆ ದೂಡುತ್ತವೆ. ಹಿಂದಿನ ಪುಲ್ಲಿಯಲ್ಲಿ ಬೆಲ್ಟ್ ಕೆಳಗಿಳಿಯುತ್ತದೆ. ಎಂಜಿನ್ನಿನ ಶಕ್ತಿಯೆಲ್ಲ ಆ ಒಂದು ರಬ್ಬರ್ ಬೆಲ್ಟಿನ ಮೂಲಕವೇ ಪಟ್ಟೆಗೆ ಹೋಗಬೇಕು. ಇನ್ನೊಂದು ಸ್ವಾರಸ್ಯವೆಂದರೆ, ಎಂಜಿನ್ ತಣಿಸುವ ನೀರು ಸೀಟಿನ ಕೆಳಗಿನ ಕೊಳವೆಗಳಲ್ಲಿ ಹರಿಯುತ್ತದೆ, ಪಟ್ಟೆ ಎರಚುವ ಹಿಮವೇ ಅದಕ್ಕೆ ರೇಡಿಯೇಟರ್. ಹಿಮವಿಲ್ಲದ ಬರಿ ಮಂಜುಗಡ್ಡೆಯ ಮೇಲೆ ಓಡಿಸಿದರೆ, ಸುತ್ತಲೂ ಅಷ್ಟು ಚಳಿಯಿದ್ದರೂ ಎಂಜಿನ್ ಕಾದುಬಿಡುತ್ತದೆ! ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಂಬಲಿಲ್ಲ.

ಅಂದು ಸೊನ್ನೆಗಿಂತ 24 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಕಾರು ನಿಲ್ಲಿಸಿದ ಜಾಗದಿಂದ ಸುಮಾರು ಹದಿನಾಲ್ಕು ಕಿಲೋಮೀಟರ್ ಕಾಡಿನೊಳಗೆ ‘ಫಟ್’ ಎಂದು ಸದ್ದಾಯಿತು. ಎಂಜಿನ್ ಓಡುತ್ತಿದೆ, ಗಾಡಿ ಮಾತ್ರ ನಿಂತಲ್ಲೇ. ಬೆಲ್ಟ್ ಕಡಿದಿತ್ತು. ಅಲ್ಲಿ ಎಲ್ಲರೂ ಒಂದು ಸ್ಪೇರ್ ಬೆಲ್ಟ್ ಇಟ್ಟುಕೊಂಡೇ ಹೊರಡುತ್ತಾರೆ. ಬದಲಿಸಲು ಹತ್ತು ನಿಮಿಷ ಸಾಕು. ಆದರೆ ಕೈಗವಸು ತೆಗೆಯಬೇಕು. ಅಳಿಯಂದಿರು ಒಂದೊಂದು ನಿಮಿಷಕ್ಕೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಕೆಲಸ ಮುಗಿಸಿದರು. ಮೂರು ಕಿಲೋಮೀಟರ್ ಹೋಗಿರಲಿಲ್ಲ, ಎರಡನೆಯದೂ ಕಡಿಯಿತು.

ಸಂಜೆ ನಾಲ್ಕಾಗಿತ್ತು. ಜನವರಿಯಲ್ಲಿ ಅಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಮನೆಯಲ್ಲಿ ಹದಿನೆಂಟು ದಿನದ ಕೂಸು. ಅಳಿಯಂದಿರು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಇಬ್ಬರೂ ಗಾಡಿಯ ಸುತ್ತ ನಡೆಯುತ್ತ ಕಾಲು ಬಡಿಯುತ್ತಿದ್ದೆವು. ಮುಕ್ಕಾಲು ಗಂಟೆಯ ನಂತರ ಗಾಳ ಹಾಕಲು ಹೋಗಿದ್ದ ಮೂವರು ತಮ್ಮ ಗಾಡಿಗಳಲ್ಲಿ ಬಂದು ಹಗ್ಗ ಕಟ್ಟಿ ನಮ್ಮ ಗಾಡಿಯನ್ನು ಎಳೆದೊಯ್ದರು. ಹೀಗೆ ಎಳೆಯುವಾಗ ಬೆಲ್ಟ್ ಬಿಚ್ಚಿಡಬೇಕಂತೆ. ನಮ್ಮದರಲ್ಲಿ ಬಿಚ್ಚಲು ಏನೂ ಉಳಿದಿರಲಿಲ್ಲ.

ಮರುದಿನ ಡೀಲರ್ ಅಂಗಡಿ. ಮ್ಯಾನೇಜರ್ ಸೌಜನ್ಯದಿಂದಲೇ ಹೇಳಿದ: ಬೆಲ್ಟ್, ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್ ಇವೆಲ್ಲ ಸವೆಯುವ ಭಾಗಗಳು, ವಾರಂಟಿಯಲ್ಲಿ ಸೇರುವುದಿಲ್ಲ. ಒಂದು ಬೆಲ್ಟಿಗೆ ಇನ್ನೂರು ಡಾಲರಿನ ಹತ್ತಿರ. ಅವನ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಬೆಲ್ಟ್ ಇರುವುದೇ ಸವೆಯುವುದಕ್ಕೆ. ಮನೆಯ ಫ್ಯೂಸಿನ ಹಾಗೆ, ತಾನು ಹೋಗಿ ಬೆಲೆಬಾಳುವ ಭಾಗವನ್ನು ಉಳಿಸುತ್ತದೆ. ಆದರೆ ಒಂದೇ ಸಂಜೆ ಎರಡು ಫ್ಯೂಸ್ ಹೋದರೆ ಯಾರಾದರೂ ಫ್ಯೂಸನ್ನು ಬೈಯುತ್ತಾರೆಯೇ? ವೈರಿಂಗ್ ನೋಡುತ್ತಾರೆ.

ಮ್ಯಾನೇಜರ್ ಇನ್ನೊಂದು ತಕರಾರನ್ನೂ ತೆಗೆದ: ಬೇರೆ ಕಂಪನಿಯ ಆಯಿಲ್ ಹಾಕಿದ್ದೀರಿ. ಇದಕ್ಕೆ ಅಳಿಯಂದಿರ ಬಳಿ ಉತ್ತರವಿತ್ತು. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ ಹೊರಗಿನ ಆಯಿಲ್ ಹಾಕಿದ್ದಾರೆ ಎಂಬ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ. ಕೆಟ್ಟದ್ದು ಆ ಆಯಿಲ್‌ನಿಂದಲೇ ಎಂದು ತೋರಿಸಬೇಕು. ಎಂಜಿನ್ ಆಯಿಲ್‌ಗೂ ಬೆಲ್ಟಿಗೂ ಎಲ್ಲಿಯ ಸಂಬಂಧ?

ಒಳಗಿನಿಂದ ಬಂದ ಮೆಕ್ಯಾನಿಕ್ ನನ್ನ ವಯಸ್ಸಿನವನು. ಅವನು ಕೇಳಿದ ಮೊದಲ ಪ್ರಶ್ನೆ: “ಕಡಿದ ಬೆಲ್ಟುಗಳನ್ನು ಎಸೆದಿಲ್ಲ ತಾನೇ?” ಎಸೆದಿರಲಿಲ್ಲ. ಎರಡರಲ್ಲೂ ಒಂದೇ ಬದಿಯ ಅಂಚು ಸವೆದು ಸುಟ್ಟಿತ್ತು, ಇನ್ನೊಂದು ಬದಿ ಹೊಸದರಂತಿತ್ತು. ಹಿಂದಿನ ರಾತ್ರಿಯೇ ನಾನು ಇದನ್ನು ಗಮನಿಸಿ ಅಳಿಯಂದಿರಿಗೆ ತೋರಿಸಿದ್ದೆ. ಅವನು ಪುಲ್ಲಿಗಳ ಪಕ್ಕಕ್ಕೆ ಅಳತೆಯ ಉಕ್ಕಿನ ಪಟ್ಟಿ ಇಟ್ಟು ನೋಡಿದ. ಸನ್ನೆಕೋಲಿನಿಂದ ಎಂಜಿನ್ನನ್ನು ಮೆಲ್ಲಗೆ ಮೀಟಿದ. ಎಂಜಿನ್ ಅಲುಗಿತು! ಹಿಂದಿನ ಮೌಂಟಿಂಗಿನ ರಬ್ಬರ್ ಹರಿದಿತ್ತು. ವೇಗ ಕೊಟ್ಟಾಗಲೆಲ್ಲ ಎಂಜಿನ್ ಓರೆಯಾಗಿ, ಪುಲ್ಲಿಗಳ ಸಾಲು ತಪ್ಪಿ, ಬೆಲ್ಟ್ ಒಂದೇ ಕಡೆ ಉಜ್ಜುತ್ತಿತ್ತು. ಮೌಂಟಿಂಗ್ ಸವೆಯುವ ಭಾಗವಲ್ಲ. ಅದಕ್ಕೆ ವಾರಂಟಿ ಇದೆ.

ಅಲ್ಲಿನ ಮೆಕ್ಯಾನಿಕ್ಕುಗಳು ವಾರಂಟಿ ಕಾಗದದಲ್ಲಿ ಮೂರು ವಿಷಯ ಬರೆಯಬೇಕು: ದೂರು, ಕಾರಣ, ಸರಿಪಡಿಸಿದ ಬಗೆ. ನಮ್ಮ ಮಕ್ಕಳ ಪ್ರಯೋಗದ ರೆಕಾರ್ಡ್ ಪುಸ್ತಕದಂತೆಯೇ. ಆದರೆ ಇಂಥ ಕೆಲಸಕ್ಕೆ ಇಷ್ಟು ಗಂಟೆ ಎಂದು ಕಂಪನಿ ಮೊದಲೇ ನಿಗದಿ ಮಾಡಿ ಡೀಲರಿಗೆ ಕೂಲಿ ಕೊಡುತ್ತದೆ. ಮೌಂಟಿಂಗ್ ಬದಲಿಸಿದ್ದಕ್ಕೆ ಹಣ ಬರುತ್ತದೆ. ಅದೇ ಹರಿದಿದೆಯೆಂದು ಕಂಡುಹಿಡಿಯಲು ಹೋದ ಹೊತ್ತಿಗೆ ಹೆಚ್ಚೇನೂ ಸಿಗುವುದಿಲ್ಲ ಎಂದು ಅವನು ನಗುತ್ತಲೇ ಹೇಳಿದ. ಬೆಲ್ಟ್ ಮಾರಿ ಕಳಿಸುವುದು ಅಂಗಡಿಗೆ ಏಕೆ ಸಲೀಸು ಎಂದು ಆಗ ನನಗೆ ತಿಳಿಯಿತು.

ಒಂದು ವರ್ಷದ ವಾರಂಟಿ ಎಂಬುದೂ ವಿಚಿತ್ರ ಲೆಕ್ಕವೇ. ಗಾಡಿ ಓಡುವುದು ಮೂರು ನಾಲ್ಕು ತಿಂಗಳು. ಬೇಸಿಗೆಯೆಲ್ಲ ಷೆಡ್ಡಿನಲ್ಲಿ ಮಲಗಿರುವಾಗಲೂ ಕ್ಯಾಲೆಂಡರ್ ಓಡುತ್ತಲೇ ಇರುತ್ತದೆ. ಅಳಿಯಂದಿರ ವಾರಂಟಿಗೆ ಉಳಿದಿದ್ದದ್ದು ನಾಲ್ಕು ವಾರ. ಮೌಂಟಿಂಗ್ ದಾಸ್ತಾನಿನಲ್ಲಿರಲಿಲ್ಲ. ಆದ್ದರಿಂದ ಮೆಕ್ಯಾನಿಕ್ ಜಾಬ್ ಕಾರ್ಡಿನಲ್ಲಿ ಅಂದಿನ ತಾರೀಖು ಹಾಕಿಸಿ ಪ್ರತಿಯನ್ನು ಕೈಗಿತ್ತ.

ಅದು ಬಂದದ್ದು ಮಾರ್ಚ್ ಎರಡನೆಯ ವಾರ, ವಾರಂಟಿ ಮುಗಿದ ಮೇಲೆ. ಆ ಹೊತ್ತಿಗೆ ನಾನು ಊರಿನಲ್ಲಿ ಹತ್ತನೆಯ ತರಗತಿಗೆ ವಿದ್ಯುತ್ ಪಾಠದ ಪುನರಾವರ್ತನೆ ಮಾಡಿಸುತ್ತಿದ್ದೆ. ಜಾಬ್ ಕಾರ್ಡಿನ ತಾರೀಖು ನೋಡಿ ಕಂಪನಿ ಒಪ್ಪಿತೆಂದು ಅಳಿಯಂದಿರು ಫೋನ್ ಮಾಡಿದರು. ಮೌಂಟಿಂಗ್, ಕೂಲಿ, ಒಂದು ಬೆಲ್ಟ್ ಪುಕ್ಕಟೆ. ಎರಡನೆಯ ಬೆಲ್ಟಿನ ಹಣ ಮಾತ್ರ ಅವರೇ ಕೊಟ್ಟರು. ಹರಿದ ಮೌಂಟಿಂಗನ್ನು ಪರೀಕ್ಷೆಗೆಂದು ಕಂಪನಿ ವಾಪಸು ತರಿಸಿಕೊಂಡಿತಂತೆ. ಈಗ ಅಳಿಯಂದಿರು ಎರಡು ಸ್ಪೇರ್ ಬೆಲ್ಟ್ ಇಟ್ಟುಕೊಂಡು ಹೊರಡುತ್ತಾರೆ. ಎರಡೇ ಏಕೆ, ಮೂರು ಇಟ್ಟುಕೊಳ್ಳಲಿ ಎನ್ನುತ್ತಾಳೆ ಮಗಳು.