ಮಗಳ ಪರೀಕ್ಷೆ, ನನ್ನ ಚಾಳೀಸು

2025ರ ಜನವರಿಯಿಂದ ಮಾರ್ಚಿಯವರೆಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನಲು ಒಂದು ಚಮಚ ಸಿಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಯಜಮಾನರು ತಟ್ಟೆ ಮುಂದಿಟ್ಟುಕೊಂಡು, "ಏನೇ ಇದು, ಮದುವೆಗೆ ಬಂದ ಡಜನ್ ಚಮಚ ಎಲ್ಲಿ ಹೋದವು?" ಎಂದು ಕೂಗಿದರು. ಚಮಚಗಳೆಲ್ಲ ಮಗಳು ಓದುವ ಮೇಜಿನ ಮೇಲಿದ್ದವು. ಅಲ್ಲಿಗೆ ಒಯ್ದವಳು ಮಗಳಲ್ಲ, ನಾನೇ!

ವಿಷಯ ಇಷ್ಟು. ನಮ್ಮ ಪುಟ್ಟಿ ಆ ವರ್ಷ ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 80ಕ್ಕೆ 26 ತೆಗೆದುಕೊಂಡು ಬಂದಳು. ಉಳಿದ ವಿಷಯಗಳಲ್ಲಿ ಚೆನ್ನಾಗಿಯೇ ಬಂದಿತ್ತು. ಉತ್ತರಪತ್ರಿಕೆ ತಿರುವಿ ನೋಡಿದರೆ 'ಬೆಳಕು' ಪಾಠದ ಪ್ರಶ್ನೆಗಳಿಗೆಲ್ಲ ದೊಡ್ಡ ದೊಡ್ಡ ಸೊನ್ನೆ. ದರ್ಪಣ, ಮಸೂರ, ಪ್ರತಿಬಿಂಬ, ಒಂದೂ ತಲೆಗೆ ಹತ್ತಿಲ್ಲ. ಟ್ಯೂಷನ್ ಮೇಷ್ಟ್ರು "ಈಗ ಸೇರಿಸಿಕೊಳ್ಳೋಕೆ ಜಾಗ ಇಲ್ಲಮ್ಮ" ಅಂದುಬಿಟ್ಟರು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹೇಳಿಕೊಡಲು ನೋಡಿದ. ಹತ್ತು ನಿಮಿಷಕ್ಕೆ ಅಣ್ಣ ತಂಗಿ ಜಗಳವಾಡಿ ಫೋನಿಟ್ಟರು. ಆಗ ಪುಟ್ಟಿ ನನ್ನ ಕಡೆ ತಿರುಗಿ, "ಅಮ್ಮಾ, ನೀನೂ ಎಸ್ಸೆಸ್ಸೆಲ್ಸಿ ಪಾಸಾಗಿದ್ದೀಯಲ್ಲ, ನೀನೇ ಹೇಳಿಕೊಡು" ಅಂದಳು.

ನನ್ನ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು.

ಸೋದರಿಯರೇ, ನಿಮ್ಮ ಮುಂದೆ ಮುಚ್ಚಿಡುವುದೇನು? ನಾನು ಪಾಸಾಗಿರಲಿಲ್ಲ. 1995ರ ಏಪ್ರಿಲ್‌ನಲ್ಲಿ ಪರೀಕ್ಷೆಗೆ ಕೂತಿದ್ದು ನಿಜ. ವಿಜ್ಞಾನದಲ್ಲಿ ನೂರಕ್ಕೆ 29 ಬಂತು. ನಮ್ಮ ಶಾಲೆಯಲ್ಲಿ ಆ ವರ್ಷ ಅರ್ಧಕ್ಕರ್ಧ ದಿನ ವಿಜ್ಞಾನದ ಮೇಷ್ಟ್ರೇ ಇರಲಿಲ್ಲ. ಮತ್ತೆ ಕಟ್ಟಿಸಿ ಎಂದು ಅಪ್ಪನನ್ನು ಕೇಳುವ ಧೈರ್ಯ ಬರಲಿಲ್ಲ. ಮದುವೆ ಮಾತುಕತೆಯಾಗುವಾಗ ಅಪ್ಪ ಜಾತಕದ ಜೊತೆಗಿನ ಕಾಗದದಲ್ಲಿ 'ವಿದ್ಯಾಭ್ಯಾಸ: ಎಸ್.ಎಸ್.ಎಲ್.ಸಿ.' ಎಂದಷ್ಟೇ ಬರೆದರು. ಪಾಸೋ ಫೇಲೋ ಎಂದು ಗಂಡಿನ ಕಡೆಯವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹೀಗೆ ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಈ ಮನೆಯಲ್ಲಿ ಪಾಸಾದವಳಾಗಿಯೇ ಇದ್ದೆ.

"ಆಯ್ತು, ನಾಳೆಯಿಂದ ಕೂರೋಣ" ಅಂದೆ. ಒಂದು ದಿನದ ಗಡುವು ನನಗೆ ಬೇಕಿತ್ತು.

ಮಾರನೆಯ ದಿನ ಮನೆ ಖಾಲಿಯಾದ ಮೇಲೆ ಅಟ್ಟ ಹತ್ತಿ ಮಗನ ಹಳೆಯ ವಿಜ್ಞಾನದ ಪುಸ್ತಕ ಇಳಿಸಿದೆ. ಚಾಳೀಸು ಹಾಕಿಕೊಂಡು ಅಡುಗೆಮನೆಯಲ್ಲೇ ಮಣೆ ಹಾಕಿ ಕೂತೆ. ಮೊದಲ ಮೂರು ಪುಟ ನಾಲ್ಕು ಸಲ ಓದಿದರೂ ಒಂದಕ್ಷರ ಒಳಗಿಳಿಯಲಿಲ್ಲ. ಎದ್ದು ಹೋಗಿ ಸಾರಿಗೆ ಬೇಳೆ ಇಟ್ಟೆ. ರುಚಿ ನೋಡಲು ಚಮಚ ಎತ್ತಿಕೊಂಡಾಗ ಅದರ ಗುಳಿಯಲ್ಲಿ ನನ್ನ ಮುಖ ತಲೆಕೆಳಗಾಗಿ ಕಂಡಿತು. ಬೆನ್ನು ತಿರುಗಿಸಿದರೆ ನೆಟ್ಟಗೆ, ಆದರೆ ಪುಟಾಣಿ. ದಿನಾ ತೊಳೆಯುವ ಚಮಚ! ಗುಳಿಯ ಕಡೆ ನಿಮ್ನ ದರ್ಪಣ, ಬೆನ್ನಿನ ಕಡೆ ಪೀನ ದರ್ಪಣ. ಬೆರಳ ತುದಿಯನ್ನು ಗುಳಿಗೆ ತೀರ ಹತ್ತಿರ ತಂದರೆ ಅದೇ ತಲೆಕೆಳಗಿನ ಬೆರಳು ನೆಟ್ಟಗಾಗಿ, ದಪ್ಪಗಾಗಿ ಕಾಣುತ್ತದೆ, ಯಾಕೆಂದರೆ ಅದು ಸಂಗಮದೂರದ ಒಳಗೆ ಬಂತು. ಪುಸ್ತಕದ ಕೋಷ್ಟಕದಲ್ಲಿದ್ದುದೆಲ್ಲ ಒಂದು ಚಮಚದೊಳಗೆ ಸಿಕ್ಕಿತು. ಸಾರು ಅವತ್ತು ತಳ ಹಿಡಿಯಿತು ಅನ್ನಿ.

ಈ ಪಾಠದಲ್ಲಿ ಪ್ರತಿಬಿಂಬಗಳು ಎರಡು ಜಾತಿ. ಬೆಳಕಿನ ಕಿರಣಗಳು ನಿಜವಾಗಿ ಒಂದೆಡೆ ಸೇರಿದರೆ ಸತ್ಯ ಪ್ರತಿಬಿಂಬ, ಅದನ್ನು ಪರದೆಯ ಮೇಲೆ ಹಿಡಿಯಬಹುದು. ಸೇರಿದ ಹಾಗೆ ಬರೀ ಕಾಣುವುದಾದರೆ ಮಿಥ್ಯ ಪ್ರತಿಬಿಂಬ, ಅದು ಪರದೆಗೆ ಸಿಗದು. ಒಂದೇ ದರ್ಪಣವೋ ಮಸೂರವೋ ಆದರೆ ಸತ್ಯದ್ದು ತಲೆಕೆಳಗು, ಮಿಥ್ಯದ್ದು ನೆಟ್ಟಗೆ. ಅದನ್ನು ಓದಿದಾಗ ಅಪ್ಪ ಬರೆದ ಆ ಕಾಗದ ನೆನಪಾಗಿ ನಗು ಬಂತು. ಪೂರ್ತಿ ನಗುವೂ ಅಲ್ಲ.

ಇನ್ನೊಂದು ಪ್ರಯೋಗ ಅಡುಗೆ ಹೇಳುವ ಹಾಗೆ ಹೇಳುತ್ತೇನೆ, ನೀವೂ ಮಕ್ಕಳ ಜೊತೆ ಮಾಡಿ ನೋಡಿ. ಒಂದು ಸ್ಟೀಲ್ ಬೋಗುಣಿಯ ತಳದಲ್ಲಿ ಒಂದು ರೂಪಾಯಿ ನಾಣ್ಯವಿಡಿ. ಬೋಗುಣಿಯ ಅಂಚು ನಾಣ್ಯವನ್ನು ಪೂರ್ತಿ ಮರೆ ಮಾಡುವವರೆಗೆ ಹಿಂದೆ ಸರಿಯಿರಿ. ತಲೆ ಅಲ್ಲಾಡಿಸಬೇಡಿ. ಇನ್ನೊಬ್ಬರು ನಿಧಾನವಾಗಿ, ನಾಣ್ಯ ಜರುಗದ ಹಾಗೆ ನೀರು ಹುಯ್ಯಲಿ. ನಾಣ್ಯ ತಾನಾಗಿ ಮೇಲೆದ್ದು ಬಂದ ಹಾಗೆ ಕಾಣಿಸುತ್ತದೆ! ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ, ಅದೇ ವಕ್ರೀಭವನ. ನೀರಿನ ವಕ್ರೀಭವನ ಸೂಚ್ಯಂಕ 1.33. ಹಾಗಾಗಿ ನೇರ ಮೇಲಿನಿಂದ ನೋಡಿದರೆ 12 ಅಡಿ ನೀರು 9 ಅಡಿಯಷ್ಟೇ ಕಾಣುತ್ತದೆ. ತವರಿನಲ್ಲಿ ಅಮ್ಮ "ಬಾವಿ ಕಂಡಷ್ಟೇ ಇಲ್ಲ, ಬಗ್ಗಬೇಡಿ" ಎಂದು ಗದರುತ್ತಿದ್ದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಇಷ್ಟೆಲ್ಲ ಸರಿ. ಪುಟ್ಟಿ ಮುಗ್ಗರಿಸುತ್ತಿದ್ದದ್ದು ಲೆಕ್ಕದಲ್ಲಿ. ಪೀನ ಮಸೂರದ ಸಂಗಮದೂರ 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಉತ್ತರ 30. ಇವಳಿಗೆ ಪ್ರತಿ ಸಲವೂ 6. ಮೂರು ಸಲ ಮಾಡಿ ಮೂರು ಸಲವೂ 6 ಬಂದಾಗ ನೋಟ್‌ಬುಕ್ ಎಸೆದು ಅತ್ತುಬಿಟ್ಟಳು. ನಾನು ಅದೇ ಲೆಕ್ಕವನ್ನು ಮಧ್ಯಾಹ್ನ ಮಾಡಿದ್ದೆ, ನನಗೂ ಮೊದಲು 6 ಬಂದಿತ್ತು! ತಪ್ಪೆಲ್ಲ ಒಂದು ಮೈನಸ್ಸಿನದು.

"ನೋಡು, ಮಸೂರ ಅಂದರೆ ನಮ್ಮ ಮನೆ ಹೊಸಿಲು ಅಂದುಕೋ" ಅಂದೆ. "ಬೆಳಕು ಬೀದಿ ಕಡೆಯಿಂದ ಒಳಗೆ ಬರುತ್ತಿದೆ. ಹೊಸಿಲಿನಿಂದ ಒಳಕ್ಕೆ ಅಳೆದರೆ ಪ್ಲಸ್ಸು, ಹೊಸಿಲಿನಿಂದ ಬೀದಿಗೆ ಅಳೆದರೆ ಮೈನಸ್ಸು. ವಸ್ತು ಅನ್ನೋ ನೆಂಟ ಇನ್ನೂ ಬೀದಿಯಲ್ಲೇ ನಿಂತಿದಾನೆ. ಅವನ ದೂರ ಮೈನಸ್ 15."

ಅವಳು ಕಣ್ಣೊರೆಸಿಕೊಂಡು ಬರೆದಳು. 1/10ರಲ್ಲಿ 1/15 ಕಳೆದರೆ 1/30. ಪ್ರತಿಬಿಂಬ ಹೊಸಿಲಿನ ಒಳಗೆ 30 ಸೆಂ.ಮೀ. "ಹಾಗಾದ್ರೆ ದರ್ಪಣ?" ಎಂದು ಕೇಳಿದಳು. "ಅದು ಬಾಗಿಲು ಹಾಕಿದ ಮನೆ. ಬೆಳಕು ವಾಪಸು ಬೀದಿಗೇ ಹೋಗತ್ತೆ. ಅಲ್ಲಿ ಕೂಡೋ ಸತ್ಯ ಪ್ರತಿಬಿಂಬದ ದೂರವೂ ಮೈನಸ್ಸು." ಈ ಹೊಸಿಲಿನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ, ನನ್ನದೇ. ಒಂದು ಸ್ವಲ್ಪ ಜಂಭ ಬಂತು ಅಂದರೆ ತಪ್ಪು ತಿಳಿಯಬೇಡಿ.

ಆ ಜಂಭ ವಾರವೂ ಉಳಿಯಲಿಲ್ಲ. ನಿಮ್ನ ದರ್ಪಣದ ಲೆಕ್ಕವೊಂದಕ್ಕೆ ನಾನು ಮಸೂರದ ಸೂತ್ರ ಹಾಕಿಬಿಟ್ಟೆ. ಮಸೂರಕ್ಕೆ ಕಳೆಯಬೇಕು, ದರ್ಪಣಕ್ಕೆ ಕೂಡಬೇಕು. ಪುಟ್ಟಿಯೇ ಹಿಡಿದಳು. "ಅಮ್ಮಾ, ನೀನು ಪಬ್ಲಿಕ್ ಪರೀಕ್ಷೇಲಿ ಹೀಗೇ ಬರೆದ್ಯಾ? ಎಷ್ಟು ಬಂದಿತ್ತು ನಿಂಗೆ?" ಎಂದು ನಗುತ್ತಾ ಕೇಳಿದಳು.

ಸುಮ್ಮನೆ ಐವತ್ತೋ ಅರವತ್ತೋ ಎನ್ನಬಹುದಿತ್ತು. ಯಾಕೋ ಬಾಯಿ ಬರಲಿಲ್ಲ. "29" ಅಂದೆ. "ಫೇಲು."

ಪುಟ್ಟಿ ಪೆನ್ಸಿಲ್ ಕೆಳಗಿಟ್ಟಳು. "ಮತ್ತೆ ಇದೆಲ್ಲ ಹೇಗೆ ಹೇಳಿಕೊಟ್ಟೆ?" "ನೀನು ಶಾಲೆಗೆ ಹೋದ ಮೇಲೆ ಓದಿ." ಅವಳು ಏನೂ ಹೇಳಲಿಲ್ಲ, ನನ್ನ ಹತ್ತಿರಕ್ಕೆ ಸರಿದು ಕೂತಳು. ಆಗಲೇ ನಡುಮನೆಯಲ್ಲಿ ಪೇಪರು ಮಡಿಸಿದ ಸದ್ದಾಯಿತು. ನಮ್ಮವರು ಮನೆಗೆ ಬಂದಿದ್ದು ನನಗೆ ಗೊತ್ತಾಗಿರಲಿಲ್ಲ.

ಎರಡು ದಿನ ಅವರು ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬಂದರು, ಬಡಿಸಿದ್ದನ್ನು ತಿಂದು ಎದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ರಾತ್ರಿ ನಿದ್ದೆ ಬಾರದೆ, ಇವರಿಗೆ ನೋವಾಗಿದ್ದು ನಾನು ಫೇಲಾಗಿದ್ದಕ್ಕೋ ಹೇಳದಿದ್ದುದಕ್ಕೋ ಎಂದು ತೂಗುತ್ತಾ ಮಲಗಿದ್ದೆ. ಎರಡನೆಯದೇ ಇರಬೇಕು, ಅದಕ್ಕೆ ನನ್ನಲ್ಲಿ ಉತ್ತರವೂ ಇರಲಿಲ್ಲ.

ಮೂರನೆಯ ದಿನ ಭಾನುವಾರ. ಪುಟ್ಟಿಗೆ ಮಸೂರದ ಸಾಮರ್ಥ್ಯ ಹೇಳಿಕೊಡುವುದಿತ್ತು. ನನ್ನ ಚಾಳೀಸು ಪ್ಲಸ್ 1.5, ಅಂದರೆ ಪೀನ ಮಸೂರ. ಹಜಾರದ ಕಿಟಕಿಗಳನ್ನೆಲ್ಲ ಮುಚ್ಚಿ ಬೀದಿ ಕಡೆಯದನ್ನು ಮಾತ್ರ ತೆರೆದಿಟ್ಟು, ಚಾಳೀಸನ್ನು ಅದರ ಎದುರಿಗೆ ಹಿಡಿದೆ. ಪುಟ್ಟಿ ಅದರ ಹಿಂದೆ ಬಿಳಿ ಹಾಳೆ ಹಿಡಿದು ಹಿಂದೆ ಮುಂದೆ ಸರಿದಳು. ಒಂದು ಕಡೆ ಬಂದಾಗ ಹಾಳೆಯ ಮೇಲೆ ಆಚೆ ತೋಟದ ತೆಂಗಿನ ಮರ ಗರಿಗಳ ಸಮೇತ, ಹಸಿರು ಹಸಿರಾಗಿ, ತಲೆಕೆಳಗಾಗಿ ಮೂಡಿತು. ಗಾಳಿಗೆ ಗರಿ ಅಲ್ಲಾಡುವುದೂ ಕಾಣುತ್ತಿತ್ತು! ನಾನು ಅಲುಗಾಡುವ ಹಾಗಿಲ್ಲ, ಅವಳೂ ಅಲುಗಾಡುವ ಹಾಗಿಲ್ಲ. "ಯಾರಾದ್ರೂ ಟೇಪು ಹಿಡೀರಿ" ಎಂದು ಪುಟ್ಟಿ ಕೂಗಿದಳು.

ಹೊಲಿಗೆ ಮೆಷೀನಿನ ಡ್ರಾದಿಂದ ಟೇಪು ತಂದು ಅಳೆದವರು ನಮ್ಮವರು. "66 ಸೆಂಟಿಮೀಟರು" ಅಂದರು. ಪುಟ್ಟಿ ಲೆಕ್ಕ ಹಾಕಿದಳು. ಒಂದನ್ನು ಒಂದೂವರೆಯಿಂದ ಭಾಗಿಸಿದರೆ 0.667 ಮೀಟರು, ಅಂದರೆ 66.7 ಸೆಂ.ಮೀ. ಆಮೇಲೆ ಅವಳ ಕನ್ನಡಕವನ್ನೂ ಹಿಡಿದು ನೋಡಿದೆವು. ಅದು ಮೈನಸ್ 2, ನಿಮ್ನ ಮಸೂರ. ಹಾಳೆಯ ಮೇಲೆ ಮರ ಬೀಳಲೇ ಇಲ್ಲ, ಬರೀ ನೆರಳು. (ಮಕ್ಕಳು ಉತ್ಸಾಹದಲ್ಲಿ ಸೂರ್ಯನ ಕಡೆ ಮಸೂರ ಹಿಡಿದು ಅದರೊಳಗಿಂದ ಕಣ್ಣಿಟ್ಟು ನೋಡದ ಹಾಗೆ ಎಚ್ಚರಿಕೆ. ಕಣ್ಣೇ ಹೋದೀತು.)

ಟೇಪು ಸುತ್ತುತ್ತಾ ನಮ್ಮವರು ಮೆಲ್ಲಗೆ, "ನನಗೆ ಲೆಕ್ಕದಲ್ಲಿ 36" ಅಂದರು. "ಒಂದು ಮಾರ್ಕಿನಲ್ಲಿ ಬಚಾವಾದೆ. ಅಪ್ಪನಿಗೆ ಅರವತ್ತು ಅಂತ ಹೇಳಿದ್ದೆ." ಅವತ್ತು ಸಂಜೆ ಕಾಫಿ ಅವರೇ ಮಾಡಿದರು. ಡಿಕಾಕ್ಷನ್ ನೀರು ನೀರಾಗಿತ್ತು, ಎರಡು ಲೋಟ ಕುಡಿದೆ.

ಮಾರ್ಚಿಯಲ್ಲಿ ಪರೀಕ್ಷೆ ಶುರುವಾಯಿತು. ವಿಜ್ಞಾನ ಬರೆದು ಬಂದ ದಿನ ಪುಟ್ಟಿ ಚಪ್ಪಲಿ ಬಿಡುವ ಮೊದಲೇ, "ಅಮ್ಮಾ, ಹೊಸಿಲು ನೆನಪಿಟ್ಟುಕೊಂಡೇ ಬರೆದೆ" ಅಂದಳು. ಮೇ ತಿಂಗಳಲ್ಲಿ ಫಲಿತಾಂಶ ಬಂತು, 80ಕ್ಕೆ 57. ರ‍್ಯಾಂಕಲ್ಲ, ಆದರೆ ಅವಳಿಗೆ ಬೇಕಾದ ಕಾಲೇಜಿನಲ್ಲಿ ವಿಜ್ಞಾನಕ್ಕೇ ಸೀಟು ಸಿಕ್ಕಿತು.

ಚಮಚಗಳು ಅಡುಗೆಮನೆಗೆ ವಾಪಸು ಬಂದವು. ಎಣಿಸಿದರೆ ಹನ್ನೊಂದು. ಒಂದು ಮಾತ್ರ ಆ ಹಳೆಯ ಪುಸ್ತಕದೊಳಗೆ, ಗುರುತಿಗೆ ಇಟ್ಟ ಹಾಗೆ ಸಿಕ್ಕಿಕೊಂಡಿತ್ತು. ಅಲ್ಲಿಂದ ಮುಂದಿನ ಪಾಠ ಮನುಷ್ಯನ ಕಣ್ಣಿನದು. ವಯಸ್ಸಾದಂತೆ ಕಣ್ಣಿನ ಸ್ನಾಯು ಸೋತು, ಮಸೂರ ಬಿರುಸಾಗಿ, ಹತ್ತಿರದ ಅಕ್ಷರ ಮಸುಕಾಗುತ್ತದಂತೆ. ನನ್ನ ಚಾಳೀಸಿನ ಕತೆಯೇ ಅದು. ಪುಸ್ತಕವನ್ನು ಅಟ್ಟಕ್ಕೆ ಹಾಕಿಲ್ಲ, ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಎರಡೆರಡು ಪುಟ ಓದುತ್ತಿದ್ದೇನೆ.