ಭೂತ ಯಾರಾಗಬೇಕು?

ಹುಲಿ-ಕುರಿ ಆಟಕ್ಕೆ ಕೂತರೆ ಮೊದಲ ಜಗಳವೇ ಹುಲಿ ಯಾರು ಎನ್ನುವುದರ ಮೇಲೆ. ಎಲ್ಲರಿಗೂ ಹುಲಿ ಬೇಕು. ಭಯದ ಕಥೆಯ ಮಣೆಯಾಟಗಳಲ್ಲಿ ಇದು ತಿರುಗುಮುರುಗು: ಭೂತವಾಗಲು ಯಾರೂ ಮುಂದೆ ಬರುವುದಿಲ್ಲ. ಬಾಗಿಲ ಹಿಂದೆ ಏನಿದೆ ಎಂದು ಮೊದಲೇ ಗೊತ್ತಿರುವವನಿಗೆ ಬಾಗಿಲು ತೆಗೆಯುವಾಗ ಎದೆ ಹೊಡೆದುಕೊಳ್ಳುವುದಿಲ್ಲವಲ್ಲ. ಉಳಿದವರು ಒಬ್ಬರ ಮೈಗೊಬ್ಬರು ಒತ್ತಿಕೊಂಡು ಪಿಸುಗುಟ್ಟುತ್ತಿದ್ದರೆ ಅವನೊಬ್ಬ ಎದುರು ಕೂತು ಲೆಕ್ಕ ಹಾಕುತ್ತಿರಬೇಕು. ಜೊತೆಯವರೊಂದಿಗೆ ಹೆದರುವ ಸುಖ ಅವನ ಪಾಲಿಗಿಲ್ಲ.

ಆ ಜಾಗದಲ್ಲಿ ಯಾರನ್ನು ಕೂರಿಸುವುದು ಎಂದು ಆಟ ಕಟ್ಟುವವರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. 1981ರಲ್ಲಿ ಅಮೆರಿಕದಲ್ಲಿ ಬಂದ 'ಕಾಲ್ ಆಫ್ ಕ್ತುಲು' ಎಂಬ ಆಟದಲ್ಲಿ ಕಥೆ ನಡೆಸಲೆಂದೇ ಒಬ್ಬ 'ಕೀಪರ್' ಇರುತ್ತಾನೆ. ಎಚ್. ಪಿ. ಲವ್‌ಕ್ರಾಫ್ಟ್‌ನ 1928ರ ಕಥೆಯೊಂದರ ಹೆಸರೇ ಆ ಆಟದ ಹೆಸರು. 1987ರ 'ಆರ್ಕಮ್ ಹಾರರ್'ನಲ್ಲಿ ರಿಚರ್ಡ್ ಲೌನಿಯಸ್ ಆ ಮನುಷ್ಯನನ್ನು ಎಬ್ಬಿಸಿ, ಅವನ ಕೆಲಸವನ್ನು ಚೀಟಿ ಮತ್ತು ದಾಳಗಳಿಗೆ ಒಪ್ಪಿಸಿದ. 1991ರಲ್ಲಿ ಆಸ್ಟ್ರೇಲಿಯಾದವರು 'ನೈಟ್‌ಮೇರ್' ಎಂಬ ಆಟದ ಜೊತೆ ವಿಡಿಯೊ ಕ್ಯಾಸೆಟ್ಟನ್ನೇ ಕೊಟ್ಟರು. ಟೀವಿಯಲ್ಲಿ ಮುಸುಕು ಹೊದ್ದ ದ್ವಾರಪಾಲಕನೊಬ್ಬ ಆಗಾಗ ಎದ್ದು ಬಂದು ಆಟಗಾರರನ್ನು ಗದರಿಸುತ್ತಾನೆ. ಒಂದು ಗಂಟೆಯೊಳಗೆ ಯಾರೂ ಗೆಲ್ಲದಿದ್ದರೆ ಗೆಲುವು ಅವನದು. ಇವತ್ತು ಫೋನಿನಲ್ಲಿ ಇಂಥ ಆಟ ನಡೆಸುವ ಆ್ಯಪ್‌ಗಳಿಗೆ ಆ ಕ್ಯಾಸೆಟ್ಟೇ ಹಿರಿಯ ಎನ್ನಬೇಕು. ಆದರೆ ಅದು ಪ್ರತಿ ಸಲವೂ ಅದೇ ನಿಮಿಷಕ್ಕೆ ಅದೇ ಮಾತು ಆಡುತ್ತಿತ್ತು. ಎರಡನೇ ಸಲ ಹೆದರಿಸುವುದು ಅದಕ್ಕೆ ಕಷ್ಟ.

ನಮ್ಮ ಮನೆಗೆ ಬಂದಿರುವುದು 'ಮ್ಯಾನ್ಶನ್ಸ್ ಆಫ್ ಮ್ಯಾಡ್‌ನೆಸ್'. ಅಕ್ಕನ ಮಗ ಬೆಂಗಳೂರಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ದೊಡ್ಡ ಪೆಟ್ಟಿಗೆ. 2011ರಲ್ಲಿ ಕೋರಿ ಕೊನಿಯೆಚ್ಕಾ ಈ ಆಟವನ್ನು ಮೊದಲು ರೂಪಿಸಿದಾಗ ಒಬ್ಬರು ಕೀಪರ್ ಆಗಲೇಬೇಕಿತ್ತು. ಆಟ ಶುರುವಾಗುವ ಮೊದಲೇ ಅವರು ಕೋಣೆಕೋಣೆಗೂ ಚೀಟಿಗಳನ್ನು ಕ್ರಮ ತಪ್ಪದೆ ಜೋಡಿಸಿಡಬೇಕು. ಒಂದು ಚೀಟಿ ಅದಲುಬದಲಾದರೂ ಕಥೆಯ ದಾರವೇ ಕಡಿದುಹೋಗುತ್ತಿತ್ತು. 2016ರಲ್ಲಿ ನಿಕ್ಕಿ ವೇಲೆನ್ಸ್ ಎರಡನೇ ಆವೃತ್ತಿ ಮಾಡುವಾಗ ಆ ಕೆಲಸವನ್ನೆಲ್ಲ ಆ್ಯಪ್‌ಗೆ ಕೊಟ್ಟರು. ಈಗ ಒಬ್ಬರಿಂದ ಐವರವರೆಗೆ ಎಲ್ಲರೂ ಒಂದೇ ಕಡೆ.

ದಾವಣಗೆರೆಯಲ್ಲಾದರೆ ಭಾನುವಾರ ರಾತ್ರಿ ವಿದ್ಯಾನಗರದ ನಮ್ಮ ಮನೆಯ ನಡುಮನೆಯಲ್ಲಿ ಆಡುತ್ತೇವೆ. ಚಾಪೆಯ ಮೇಲೆ ದಪ್ಪ ರಟ್ಟಿನ ಹಾಳೆಗಳು, ನಡುವೆ ಆನಿಸಿಟ್ಟ ಫೋನು. ನರ್ಗೀಸ್ ಮಂಡಕ್ಕಿ, ಮೆಣಸಿನಕಾಯಿ ಎರಡಕ್ಕೂ ಜಾಗ ಬೇರೆ ಕೋಣೆಯಲ್ಲಿ, ಏಕೆಂದರೆ ಎಣ್ಣೆ ಕೈ ತಾಗಿದ ಚೀಟಿಯನ್ನು ಮಗುಚಿಟ್ಟರೂ ಕಲೆ ನೋಡಿಯೇ ಯಾವುದೆಂದು ಗೊತ್ತಾಗಿಬಿಡುತ್ತದೆ. ಮೊದಲಿಗೆ ಚಾಪೆಯ ಮೇಲಿರುವುದು ಒಂದೋ ಎರಡೋ ಹಾಳೆ: ಬಂಗಲೆಯ ಮುಂಬಾಗಿಲು, ಒಂದು ಓಣಿ. ಪ್ರತಿಯೊಬ್ಬರಿಗೂ ತಮ್ಮ ಪಾಳಿಯಲ್ಲಿ ಎರಡು ಕೆಲಸ. ನಡೆಯಬಹುದು, ಹುಡುಕಬಹುದು, ಬಾಗಿಲು ತೆಗೆಯಬಹುದು. ತೆಗೆದ ಮೇಲಷ್ಟೇ ಮುಂದಿನ ಕೋಣೆ ಯಾವುದು, ಅದರ ಹಾಳೆಯನ್ನು ಎಲ್ಲಿ ಕೂಡಿಸಬೇಕು ಎಂದು ಫೋನು ತೋರಿಸುತ್ತದೆ. ಅದೇ ಕಥೆಯನ್ನು ಇನ್ನೊಂದು ದಿನ ತೆಗೆದರೆ ಮನೆಯ ವಿನ್ಯಾಸ ಬೇರೆಯಾಗಿರಬಹುದು. ಎಲ್ಲರ ಪಾಳಿ ಮುಗಿದ ಮೇಲೆ ಫೋನಿನ ಪಾಳಿ. ಏನೋ ಒಂದು ಅವಘಡ ಆಗುತ್ತದೆ, ಪಿಶಾಚಿಗಳು ನಡೆಯುತ್ತವೆ, ಹತ್ತಿರ ಇದ್ದವರ ಧೈರ್ಯದ ಪರೀಕ್ಷೆಯಾಗುತ್ತದೆ.

ಇಲ್ಲೊಂದು ಸಂಗತಿ ನನಗೆ ತುಂಬ ಹಿಡಿಸಿತು. ನಾವು ಎಲ್ಲಿ ನಿಂತಿದ್ದೇವೆ ಎಂಬುದು ಆ ಆ್ಯಪ್‌ಗೆ ಗೊತ್ತಿಲ್ಲ. ಅದು ಕೇಳುವುದೂ ಇಲ್ಲ. ಪಿಶಾಚಿ ಹತ್ತಿರದವರ ಕಡೆಗೆ ಎರಡು ಮನೆ ಸರಿಯಲಿ ಎಂದಷ್ಟೇ ಹೇಳುತ್ತದೆ. ಹತ್ತಿರದವರು ಯಾರು ಎಂದು ನೋಡಿ, ಗೊಂಬೆಯನ್ನು ಎತ್ತಿ ಇಡುವವರು ನಾವು. ದಾಳವೂ ನಮ್ಮ ಕೈಯಲ್ಲೇ. ಎಂಟು ಮುಖದ ದಾಳಗಳನ್ನು ಚಾಪೆಯ ಮೇಲೆ ಉರುಳಿಸಿ, ಎಷ್ಟು ಗೆಲುವು ಬಿತ್ತೆಂದು ನಾವೇ ಎಣಿಸಿ ಒತ್ತುತ್ತೇವೆ. ಸುಳ್ಳು ಒತ್ತಿದರೂ ಅದು ನಂಬುತ್ತದೆ. ಹಾಗಾಗಿ ಯಾರೂ ಸುಳ್ಳು ಒತ್ತುವುದಿಲ್ಲ. ಎದೆಗುಂದಿದ ಚಿಕ್ಕವಳು ತನ್ನ ಗೊಂಬೆಯ ಹಿಂದೆಯೇ ಪಿಶಾಚಿಯನ್ನು ತಾನೇ ತಂದು ನಿಲ್ಲಿಸುವುದನ್ನು ನೋಡಬೇಕು. ಕೈ ಹಿಂದೆ ಮುಂದೆ ಆಡುತ್ತದೆ, ಆದರೂ ಸರಿಯಾದ ಮನೆಯಲ್ಲೇ ಇಡುತ್ತಾಳೆ.

ಒಬ್ಬರ ಬುದ್ಧಿ ಕೆಟ್ಟಾಗ ಮಾತ್ರ ಆಟದ ಬಣ್ಣ ಬದಲಾಗುತ್ತದೆ. ಭಯದ ಚೀಟಿಗಳು ಮಿತಿ ಮುಟ್ಟಿದರೆ ಆ ಆಟಗಾರನ ಕೈಗೆ ಇನ್ನೊಂದು ಚೀಟಿ ಬರುತ್ತದೆ, ಅದನ್ನು ಓದುವವನು ಅವನೊಬ್ಬನೇ. ಅವನು ಗೆಲ್ಲುವ ದಾರಿ ಈಗ ಬೇರೆ ಆಗಿರಬಹುದು, ಆಗಿರದೆಯೂ ಇರಬಹುದು. ಅಲ್ಲಿಯವರೆಗೆ ಜೊತೆಗಿದ್ದವನು ಸುಮ್ಮನೆ ಮುಖ ಬಿಗಿದು ಕೂರುತ್ತಾನೆ. ಇದು ಫೋನಿನಲ್ಲಿ ಇಲ್ಲ, ಕಾಗದದಲ್ಲಿದೆ. ಮನುಷ್ಯನ ಮುಖ ಬಚ್ಚಿಡುವುದನ್ನು ಯಾವ ಪರದೆಯೂ ಅಷ್ಟು ಚೆನ್ನಾಗಿ ಬಚ್ಚಿಡಲಾರದು ಎಂದು ಆಟ ಕಟ್ಟಿದವರಿಗೆ ಗೊತ್ತಿತ್ತು.

ಹರಿಹರದಲ್ಲಿ ಅಕ್ಕನ ಮನೆಯಲ್ಲಿ ಆಡಿದಾಗ ಇನ್ನೊಂದು ತೊಡಕು ಎದುರಾಯಿತು. ಆ್ಯಪ್‌ನಲ್ಲಿ ಕನ್ನಡವಿಲ್ಲ. ಅಕ್ಕನ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಆಟ ಬಿಟ್ಟು ಒಳಗೆ ಹೋಗುವ ಮನಸ್ಸೂ ಇಲ್ಲ. ಮಂಚದ ಅಂಚಿನಲ್ಲಿ ಕೂತು, "ಏನಂತಪ್ಪಾ ಅದು? ನಮಗೂ ಹೇಳ್ರಿ" ಎಂದರು. ಅಂದಿನಿಂದ ಓದುವ ರೀತಿ ಬದಲಾಯಿತು. ಅಕ್ಕನ ಮಗ ಪರದೆ ನೋಡಿ ಎರಡು ಸಾಲು ಓದುತ್ತಾನೆ, ಅಕ್ಕ ಅದನ್ನು ಕನ್ನಡದಲ್ಲಿ ಹೇಳುತ್ತಾಳೆ. ಗಮಕದಲ್ಲಿ ಕುಮಾರವ್ಯಾಸನ ಪದ್ಯವನ್ನು ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡುವುದಿಲ್ಲವೆ, ಹಾಗೆ. ವ್ಯಾಖ್ಯಾನ ಮಾಡುವವರು ಬರೀ ಅರ್ಥ ಹೇಳಿ ಎದ್ದುಹೋಗುವುದಿಲ್ಲ, ಕಥೆಯನ್ನು ಕೇಳುವವರ ಊರಿಗೆ ಕರೆತರುತ್ತಾರೆ. ಅಕ್ಕನೂ ಅದನ್ನೇ ಮಾಡಿದಳು. ಪರದೆಯಲ್ಲಿ ಹಳೆಯ ಮರದ ಮೆಟ್ಟಿಲು ಕಿರುಗುಟ್ಟಿತು ಎಂದಷ್ಟಿದ್ದರೆ ಅವಳ ಬಾಯಲ್ಲಿ ಅದು ಅಟ್ಟದ ಮೇಲೆ ಯಾರೋ ಹಿತ್ತಾಳೆ ಕೊಪ್ಪರಿಗೆ ಎಳೆದ ಸದ್ದಾಯಿತು. ಆ ಮನೆಯ ಅಟ್ಟದಲ್ಲಿ ನಿಜವಾಗಿಯೂ ಕೊಪ್ಪರಿಗೆ ಇತ್ತು. ಎಲ್ಲರೂ ತಲೆ ಎತ್ತಿ ನೋಡಿದರು.

ಒಂದು ಕಡೆ ಒಳಕೋಣೆಯಿಂದ ಯಾರೋ ಹೆಸರು ಹಿಡಿದು ಕರೆದಂತಾಯಿತು ಎಂದು ಬಂತು. ಅತ್ತೆ ತಕ್ಷಣ ಅಂದರು: "ಒಂದೇ ಸಲ ಕೂಗಿದ್ರೆ ಓಗೊಡಬಾರದು. ಮೂರು ಸಲ ಕೂಗ್ಲಿ, ಆಗ ಮನುಷ್ಯರು ಅಂತ ಗೊತ್ತಾಗ್ತದೆ." ಆಟದ ಪುಸ್ತಕದಲ್ಲಿ ಆ ನಿಯಮವಿಲ್ಲ. ನಾವು ಮಾತ್ರ ಅದನ್ನು ಒಪ್ಪಿ, ಎರಡು ಪಾಳಿ ಆ ಬಾಗಿಲಿಗೆ ಕೈ ಹಚ್ಚದೆ ಕಾದೆವು. ಕದ ತಟ್ಟುವ ದೆವ್ವಕ್ಕೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ತೊಂಬತ್ತರ ದಶಕದ ರಾತ್ರಿಗಳನ್ನು ಕಳೆದ ನಾಡು ಇದು. ಬಾಗಿಲು ತಟ್ಟುವವರ ಜೊತೆ ಹೇಗೆ ನಡೆದುಕೊಳ್ಳಬೇಕೆಂಬ ತಿಳಿವಳಿಕೆ ನಮ್ಮ ಹಿರಿಯರಲ್ಲಿ ಬೇಕಾದಷ್ಟಿದೆ. ನಡುವೆ ಕರೆಂಟು ಹೋಯಿತು. ಒಮ್ಮೆ ಇಳಿಸಿಕೊಂಡ ಮೇಲೆ ಆ್ಯಪ್‌ಗೆ ಇಂಟರ್‌ನೆಟ್ ಬೇಡ, ಫೋನಿನಲ್ಲಿ ಚಾರ್ಜು ಇತ್ತು, ಆಟ ನಿಲ್ಲಲಿಲ್ಲ. ಪರದೆಯ ಬೆಳಕು ಓದುವವನ ಗದ್ದದ ಮೇಲಷ್ಟೇ ಬೀಳುತ್ತಿತ್ತು. ಉಳಿದದ್ದೆಲ್ಲ ಅಕ್ಕನ ದನಿ.

ಆ ರಾತ್ರಿ ನನಗೆ ಮನದಟ್ಟಾದದ್ದು ಇಷ್ಟು: ಆ್ಯಪ್ ಬಚ್ಚಿಡಲಿ, ಎಣಿಸಲಿ, ನೆನಪಿಟ್ಟುಕೊಳ್ಳಲಿ, ಹೇಳುವ ಕೆಲಸವನ್ನು ಮಾತ್ರ ನಮಗೆ ಬಿಡಲಿ. ಕೋಣೆಗಳನ್ನು ಬಚ್ಚಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಮುಂದಿನ ಕೋಣೆಯನ್ನು ಅದು ಯಾರಿಗೂ ತೋರಿಸದು. ಪಿಶಾಚಿಗೆ ಬಿದ್ದ ಏಟುಗಳ ಲೆಕ್ಕವನ್ನೂ ಬಿಡದೆ ಇಡುತ್ತದೆ. ಮನುಷ್ಯ ಕೀಪರ್ ಇಷ್ಟೆಲ್ಲ ಮಾಡಲು ಹೋಗಿ ದಣಿದು ಕೊನೆಗೆ ಗುಮಾಸ್ತನಾಗುತ್ತಿದ್ದ. ಆ ಹೊರೆ ಇಳಿದದ್ದು ದೊಡ್ಡ ಉಪಕಾರ. ಆದರೆ ಕೆಲವು ಆಟಗಳ ಆ್ಯಪ್‌ಗಳು ಇನ್ನೂ ಮುಂದೆ ಹೋಗಿವೆ. 2020ರಲ್ಲಿ ಬಂದ ಕಡಲ್ಗಳ್ಳರ ಆಟ 'ಫರ್ಗಾಟನ್ ವಾಟರ್ಸ್'ನಲ್ಲಿ ನಟರು ಕಥೆಯ ಭಾಗಗಳನ್ನು ಓದಿ ಹೇಳುತ್ತಾರೆ. ನಗಿಸುವ ಆಟಕ್ಕೆ ಅದು ಒಪ್ಪುತ್ತದೆ. ಭಯದ ಆಟಕ್ಕೆ ಒಪ್ಪುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಎಷ್ಟೇ ಒಳ್ಳೆಯ ನಟನಿದ್ದರೂ ಅವನಿಗೆ ನಮ್ಮ ಅಟ್ಟದ ಕೊಪ್ಪರಿಗೆ ಗೊತ್ತಿಲ್ಲ. ಯಾರ ಮುಖ ಬಿಳಿಚಿಕೊಂಡಿದೆ, ಎಲ್ಲಿ ಒಂದು ಕ್ಷಣ ತಡೆಯಬೇಕು ಎಂದು ನೋಡಲು ಅವನಿಗೆ ಕಣ್ಣಿಲ್ಲ.

ಇನ್ನೊಂದು ಆತಂಕವೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ 'ಶ್ರೀತತ್ತ್ವನಿಧಿ'ಯಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಅವರ ಕಾಲದ ಪಟಗಳು ಉಳಿದಿರುವುದರಿಂದಲೇ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆಗಳನ್ನು ಮತ್ತೆ ಮಾಡಿಸಿ ಜನರ ಮುಂದೆ ಇಡಲು ಸಾಧ್ಯವಾಯಿತು. ಚೌಕಾಬಾರಕ್ಕಂತೂ ಸೀಮೆಸುಣ್ಣ, ಕವಡೆ, ಮುರಿದ ಬಳೆಚೂರು ಸಾಕು. ಫೋನಿಲ್ಲದೆ ಅಲುಗಾಡದ ಆಟದ ಗತಿ ಏನು? ಹೊಸ ಫೋನಿಗೆ ಹಳೆಯ ಆ್ಯಪ್ ಹೊಂದಿಕೊಳ್ಳದ ದಿನ ಬಂದರೆ, ಕಂಪನಿ ಅದನ್ನು ನಿಲ್ಲಿಸಿದರೆ, ಅಷ್ಟು ಚಂದದ ರಟ್ಟಿನ ಕೋಣೆಗಳು ಹಾಗೆಯೇ ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಯಾವ ಬಾಗಿಲ ಹಿಂದೆ ಏನಿತ್ತು ಎಂದು ಹೇಳುವವರೇ ಇರುವುದಿಲ್ಲ. ಆ್ಯಪ್ ಇರುವ ಪ್ರತಿ ಆಟದ ಜೊತೆಗೂ ಅದರ ಪೂರ್ತಿ ಕಥೆಯನ್ನು ಅಚ್ಚು ಮಾಡಿ, ಲಕೋಟೆಗೆ ಅಂಟು ಹಚ್ಚಿ ಕೊಡಬೇಕು. ಬೇಕಾದ ದಿನ ಒಡೆದುಕೊಳ್ಳಬಹುದು.

ನಮ್ಮ ಈ ಆಟಕ್ಕೂ ಮೂಲವಾದ ಲವ್‌ಕ್ರಾಫ್ಟ್‌ನ ಭಯಗಳಲ್ಲಿ ಪರದೇಶದವರ ಮೇಲಿನ ಅಸಹ್ಯವೂ ಸೇರಿತ್ತು. ಅವನ ಕಥೆಗಳನ್ನು ಓದಿದವರಿಗೆ ಅದು ಕಾಣದೆ ಇರುವುದಿಲ್ಲ. ಆಟ ಕಟ್ಟಿದವರು ಅದನ್ನು ಬಿಟ್ಟು, ಬೇರೆ ಬೇರೆ ನಾಡಿನ ಹೆಣ್ಣು ಗಂಡುಗಳನ್ನು ಪತ್ತೇದಾರರನ್ನಾಗಿ ಮಾಡಿದ್ದಾರೆ. ಒಳ್ಳೆಯದೇ ಆಯಿತು. ಆದರೂ ನಮ್ಮ ಭಯಕ್ಕೆ ಮ್ಯಾಸಚೂಸೆಟ್ಸ್‌ನ ಬಂಗಲೆಯೇ ಏಕೆ ಬೇಕು ಎಂದು ಅಕ್ಕನ ಮಗನೇ ಕೇಳಿದ. ನಿಂತ ನೆಲದಲ್ಲೇ ಉತ್ತರವಿತ್ತು. ಹರಿಹರದ ಸ್ಥಳಪುರಾಣದ ಗುಹಾಸುರ ಹರಿಯೊಬ್ಬನಿಂದ ಸಾಯಬಾರದು, ಹರನೊಬ್ಬನಿಂದಲೂ ಸಾಯಬಾರದು ಎಂದು ಬ್ರಹ್ಮನಿಂದ ವರ ಪಡೆದವನು. ಇಬ್ಬರೂ ಒಂದೇ ಮೈಯಾಗಿ ಬಂದಾಗಲೇ ಅವನ ಆಟ ಮುಗಿದದ್ದು. 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣುವಾಗಿ ಆ ಮೂರ್ತಿ ನಿಂತಿದೆ. ಕೂಡಿ ಆಡದೆ ಗೆಲ್ಲಲಾಗದ ಆಟಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ಯಾರು ಬರೆದಾರು?

ಹುಡುಗ ಈಗ ಅದರ ಬೆನ್ನು ಹತ್ತಿದ್ದಾನೆ. ಮಣೆಯ ಮೇಲೆ ತುಂಗಭದ್ರೆ, ಅದಕ್ಕೆ ಬಂದು ಕೂಡುವ ಹರಿದ್ರಾ ಹಳ್ಳ, ಪೂರ್ವಕ್ಕೆ ಉಚ್ಚಂಗಿದುರ್ಗ, ಉತ್ತರಕ್ಕೆ ಐರಣಿ, ನಡುವೆ ಗುಹಾಸುರನ ಗುಹಾರಣ್ಯ. ಆಟಗಾರರು ಎರಡು ಗುಂಪು, ಒಂದರ ಹಿಂದೆ ಹರಿ, ಇನ್ನೊಂದರ ಹಿಂದೆ ಹರ. ಅಸುರ ಯಾವ ಗವಿಯಲ್ಲಿದ್ದಾನೆ ಎಂಬುದು ಫೋನಿಗೆ ಮಾತ್ರ ಗೊತ್ತು. ಪರದೆಯಲ್ಲಿ ಒಂದೇ ಸಾಲು, ಕನ್ನಡದಲ್ಲಿ. ಉಳಿದದ್ದನ್ನು ಓದುವವರು ಬೆಳೆಸಬೇಕು. ಒಂದು ವಿಷಯದಲ್ಲಿ ಮಾತ್ರ ತಾಯಿ ಮಗನಿಗೆ ಇನ್ನೂ ಒಮ್ಮತವಿಲ್ಲ. ವರದ ಗುಟ್ಟನ್ನು ಆಟಗಾರರು ತಾವೇ ಕಂಡುಹಿಡಿಯಬೇಕು ಎಂಬುದು ಅವನ ವಾದ. "ಹರಿಹರದಾಗೆ ಆಡಿದ್ರೆ ಅದು ಗೊತ್ತಿಲ್ಲದೋರು ಯಾರಿದಾರೋ?" ಎನ್ನುತ್ತಾಳೆ ಅಕ್ಕ. ಹಾಗಾದರೆ ಊರಿಗೊಂದು ವರ ಮಾಡೋಣ, ಪ್ರತಿ ಆಟಕ್ಕೂ ಆ್ಯಪ್ ಹೊಸದೊಂದನ್ನು ಆರಿಸಲಿ ಎಂದು ಅವನು ನೋಟ್‌ಬುಕ್ ತೆಗೆದು, ಬ್ರಹ್ಮ ಇನ್ನೂ ಏನೇನು ವರ ಕೊಡಬಹುದು ಎಂದು ಅಜ್ಜಿಯನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಾನೆ.