ಸೀಟು ಬಿಟ್ಟರೂ ಇಳಿಯದ ಮೊತ್ತ

ಪರದೆಯ ಎಡಗಡೆ ಬಸ್ಸಿನ ನಕ್ಷೆ. ಖಾಲಿ ಸೀಟು ಬಿಳಿ, ಬುಕ್ ಆದದ್ದು ಬೂದು. ನೀವು 7, 8, 9ನ್ನು ಒಂದೊಂದಾಗಿ ಒತ್ತುತ್ತೀರಿ, ಮೂರೂ ಹಸಿರಾಗುತ್ತವೆ. ಬೆಂಗಳೂರಿನಿಂದ ಉಡುಪಿಗೆ ರಾತ್ರಿ ಬಸ್ಸು, ಸೀಟಿಗೆ 850 ರೂಪಾಯಿ. ಬಲಗಡೆ ಒಟ್ಟು ಮೊತ್ತ 2,550. ಲೆಕ್ಕ ಸರಿಯಿದೆ. ಈಗ 9ನ್ನು ಮತ್ತೊಮ್ಮೆ ಒತ್ತಿ. ಹಸಿರು ಹೋಗಿ ಬಿಳಿ ಬಂತು. ಮೊತ್ತ ಮಾತ್ರ 2,550ರಲ್ಲೇ ನಿಂತಿದೆ.

ಟೆಸ್ಟಿಂಗ್ ಮಾಡುವ ಸಹೋದ್ಯೋಗಿ ಕುರ್ಚಿ ಎಳೆದುಕೊಂಡು ನಿಮ್ಮ ಪಕ್ಕದಲ್ಲಿ ಕೂತಿದ್ದಾರೆ. “ಇದೊಂದೇ ಅಲ್ಲ, ಇನ್ನೂ ಮೂರಿವೆ. ಮೊದಲು ಇದನ್ನ ನೋಡ್ಬಿಡಿ,” ಅನ್ನುತ್ತಾರೆ.

ಕೋಡ್ ತೆರೆಯುತ್ತೀರಿ. ರಿಯಾಕ್ಟ್‌ನಲ್ಲಿ ಬರೆದ ಈ ಕಾಂಪೊನೆಂಟ್ ಒಂದು ಫಂಕ್ಷನ್, ಅಷ್ಟೇ. ಅದರ ತಲೆಯಲ್ಲಿ ಸ್ಟೇಟ್, ಅಂದರೆ ನೆನಪಿಡಬೇಕಾದ ಮಾಹಿತಿ, ಇಡುವ ಎರಡು ಯೂಸ್‌ಸ್ಟೇಟ್ ಸಾಲುಗಳಿವೆ: ಒಂದರಲ್ಲಿ ಆಯ್ದ ಸೀಟುಗಳ ಪಟ್ಟಿ, ಇನ್ನೊಂದರಲ್ಲಿ ಮೊತ್ತ. ಸೀಟು ಸೇರಿಸುವ ಕಡೆ ಎರಡನ್ನೂ ಬದಲಿಸಲಾಗಿದೆ. ತೆಗೆಯುವ ಕಡೆ ಪಟ್ಟಿಯನ್ನು ಬದಲಿಸಿ ಮೊತ್ತವನ್ನು ಮರೆಯಲಾಗಿದೆ. ಮರೆತ ಸಾಲನ್ನು ಸೇರಿಸಲು ಬೆರಳು ಆಗಲೇ ಕೀಬೋರ್ಡಿಗೆ ಹೋಗಿದೆ.

ತಡೆಯಿರಿ. ಆ ಸಾಲು ಸೇರಿಸಿದರೆ ಇವತ್ತಿನ ಬಗ್ ಹೋಗುತ್ತದೆ. ನಾಳೆ ಕೂಪನ್ ಬರುತ್ತದೆ, ನಾಡಿದ್ದು ಮಕ್ಕಳಿಗೆ ಅರ್ಧ ಟಿಕೆಟ್ ಬರುತ್ತದೆ. ಪಟ್ಟಿ ಬದಲಾಗುವ ಪ್ರತಿಯೊಂದು ಜಾಗದಲ್ಲೂ ಮೊತ್ತವನ್ನು ನೆನಪಿಟ್ಟು ಬದಲಿಸಬೇಕಾಗುತ್ತದೆ, ಒಂದು ಕಡೆ ಮರೆತರೂ ಗಿರಾಕಿಯಿಂದ ಹೆಚ್ಚು ಹಣ ಕೇಳಿದ ಹಾಗಾಗುತ್ತದೆ. ಆದ್ದರಿಂದ ಸೇರಿಸಬೇಡಿ, ಅಳಿಸಿ. ಮೊತ್ತದ ಯೂಸ್‌ಸ್ಟೇಟ್ ಸಾಲನ್ನೇ ತೆಗೆದುಹಾಕಿ. ಅದರ ಜಾಗದಲ್ಲಿ ಸಾದಾ ಗುಣಾಕಾರ ಬರೆಯಿರಿ: ಪಟ್ಟಿಯಲ್ಲಿರುವ ಸೀಟುಗಳು ಎಷ್ಟೋ ಅಷ್ಟು ಸಲ 850. ಪಟ್ಟಿ ಬದಲಾದಾಗಲೆಲ್ಲ ರಿಯಾಕ್ಟ್ ಈ ಫಂಕ್ಷನ್ನನ್ನು ಮೊದಲಿನಿಂದ ಮತ್ತೆ ಓಡಿಸುತ್ತದೆ. ಆಗೆಲ್ಲ ಗುಣಾಕಾರವೂ ಹೊಸದಾಗಿ ಆಗುತ್ತದೆ. ಸೇವ್ ಮಾಡಿ 7, 8, 9ನ್ನು ಒತ್ತುತ್ತೀರಿ: 2,550. 9ನ್ನು ಮತ್ತೆ ಒತ್ತುತ್ತೀರಿ: 1,700.

ಈ ಕಾಯಿಲೆ ದೊಡ್ಡವರನ್ನೂ ಬಿಟ್ಟಿಲ್ಲ. ಫೇಸ್‌ಬುಕ್‌ನಲ್ಲಿ ಕೆಂಪು ಗುರುತು ಹೊಸ ಮೆಸೇಜ್ ಬಂದಿದೆ ಅನ್ನುತ್ತಿತ್ತು. ಒತ್ತಿ ನೋಡಿದರೆ ಏನೂ ಇರುತ್ತಿರಲಿಲ್ಲ. ಗುರುತು ಹೋಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಸರಿಪಡಿಸಿದರೂ ಮರುಕಳಿಸುತ್ತಿದ್ದ ಈ ತೊಂದರೆಯನ್ನು ಆ ಕಂಪನಿಯ ಎಂಜಿನಿಯರ್‌ಗಳೇ 2014ರ ಎಫ್8 ಸಮ್ಮೇಳನದಲ್ಲಿ ವೇದಿಕೆಯ ಮೇಲೆ ಹೇಳಿದರು. ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯಬೇಕೆನ್ನುವ ಫ್ಲಕ್ಸ್ ವಿನ್ಯಾಸವನ್ನು ಮುಂದಿಟ್ಟದ್ದೂ ಅಲ್ಲೇ. ಓದದ ಮೆಸೇಜುಗಳ ಸಂಖ್ಯೆ ಮತ್ತು ಮೆಸೇಜುಗಳು, ನಿಮ್ಮ ಮೊತ್ತ ಮತ್ತು ಸೀಟುಗಳು: ಎರಡೂ ಕಡೆ ಒಂದೇ ಸಂಗತಿಯನ್ನು ಎರಡು ಜಾಗದಲ್ಲಿ ಬರೆದಿಡಲಾಗಿತ್ತು.

“ಮುಂದಿನದು,” ಅನ್ನುತ್ತಾರೆ ಸಹೋದ್ಯೋಗಿ. ನಕ್ಷೆಯ ಕೆಳಗೆ ‘ಒಟ್ಟಿಗೆ 3 ಸೀಟು’ ಎಂಬ ಬಟನ್ ಇದೆ. ಪುಟ ರಿಫ್ರೆಶ್ ಮಾಡಿ ಒತ್ತುತ್ತೀರಿ. ಮೂರು ಹಸಿರಾಗಬೇಕಿತ್ತು, ಆದದ್ದು ಕೊನೆಯದೊಂದೇ. ಕೋಡಿನಲ್ಲಿ ಸೀಟು ಸೇರಿಸುವ ಕರೆ ಮೂರು ಸಲ ಇದೆ, ಕನ್ಸೋಲ್ ಕೂಡ ಮೂರು ಸಲ ಓಡಿದೆ ಅನ್ನುತ್ತದೆ. ಹಾಗಿದ್ದರೆ ಎರಡು ಸೀಟು ಎಲ್ಲಿ ಹೋದವು?

ಇಲ್ಲಿ ನಿಧಾನ ಮಾಡಬೇಕು. ರಿಯಾಕ್ಟ್ ಕಲಿಯುವವರಲ್ಲಿ ಹಲವರು ಎಡವುವುದು ಇದೇ ಜಾಗದಲ್ಲಿ. ಫಂಕ್ಷನ್ ಓಡಿದಾಗ ಅದರ ಕೈಗೆ ಬರುವ ಪಟ್ಟಿ ಆ ಹೊತ್ತಿನದು. ಕಂಡಕ್ಟರ್ ಬಸ್ಸು ಹೊರಡುವ ಮೊದಲು ಅಚ್ಚು ಹಾಕಿಸಿಕೊಂಡ ಪ್ರಯಾಣಿಕರ ಚಾರ್ಟ್ ಇದ್ದ ಹಾಗೆ: ಆಮೇಲೆ ಯಾರೋ ಟಿಕೆಟ್ ರದ್ದು ಮಾಡಿದರೆ ಆ ಕಾಗದದ ಮೇಲಿನ ಹೆಸರು ತಾನಾಗಿ ಅಳಿಯುವುದಿಲ್ಲ, ಹೊಸ ಚಾರ್ಟನ್ನೇ ತೆಗೆಯಬೇಕು. ಬಟನ್ ಒತ್ತಿದ ಆ ಗಳಿಗೆಯಲ್ಲಿ ನಿಮ್ಮ ಕೋಡಿನ ಕೈಯಲ್ಲಿದ್ದದ್ದು ಖಾಲಿ ಪಟ್ಟಿ. ಮೊದಲ ಕರೆ ‘ಖಾಲಿ ಪಟ್ಟಿಗೆ 7’ ಅಂದಿತು. ಎರಡನೆಯದು ‘ಖಾಲಿ ಪಟ್ಟಿಗೆ 8’, ಮೂರನೆಯದು ‘ಖಾಲಿ ಪಟ್ಟಿಗೆ 9’. ರಿಯಾಕ್ಟ್ ಮೂರನ್ನೂ ಕೂಡಿಸಿಟ್ಟುಕೊಂಡು, ಬಟನ್ನಿನ ಕೆಲಸ ಪೂರ್ತಿ ಮುಗಿದ ಮೇಲೆ ಒಂದೇ ಸಲ ಪರದೆಯನ್ನು ಬದಲಿಸಿತು. ಕೊನೆಯ ಮಾತು ನಿಂತಿತು. ಹೀಗೆ ಕೂಡಿಸಿಟ್ಟುಕೊಳ್ಳುವುದು ಮೊದಲು ಬಟನ್ ಒತ್ತುವಂಥ ಸಂದರ್ಭಗಳಿಗೆ ಸೀಮಿತವಾಗಿತ್ತು. 2022ರ ಮಾರ್ಚ್‌ನಲ್ಲಿ ಬಂದ ರಿಯಾಕ್ಟ್ 18ರಿಂದ ಟೈಮರ್, ಸರ್ವರ್ ಉತ್ತರಗಳಿಗೂ ಅದೇ ನಿಯಮ. ಇದು ದೋಷವಲ್ಲ. ಹೀಗೆ ಮಾಡದಿದ್ದರೆ ಒಂದೇ ಒತ್ತಿಗೆ ಪರದೆ ಮೂರು ಸಲ ಬದಲಾಗಬೇಕಿತ್ತು, ನಡುವೆ ಅರ್ಧಂಬರ್ಧ ಸ್ಥಿತಿಗಳು ಕಣ್ಣಿಗೆ ಬೀಳುತ್ತಿದ್ದವು.

ಪರಿಹಾರ ಚಿಕ್ಕದು. ಹೊಸ ಪಟ್ಟಿಯನ್ನು ಕೊಡುವ ಬದಲು, ಹಳೆಯದರಿಂದ ಹೊಸದನ್ನು ಮಾಡುವ ಫಂಕ್ಷನ್ ಕೊಡಿ: ‘ಆಗ ಏನಿರುತ್ತದೋ ಅದಕ್ಕೆ 8 ಸೇರಿಸು’. ರಿಯಾಕ್ಟ್ ಅವನ್ನು ಸಾಲಾಗಿ ನಡೆಸುತ್ತದೆ. ಒತ್ತುತ್ತೀರಿ, ಮೂರೂ ಹಸಿರು. ಹಾಗೆಯೇ, ಹಳೆಯ ಪಟ್ಟಿಗೇ ಪುಶ್ ಮಾಡಿ ಅದನ್ನೇ ವಾಪಸು ಕೊಡುವ ಅಭ್ಯಾಸವಿದ್ದರೆ ಈಗಲೇ ಬಿಡಿ. ಅದು ಅದೇ ಹಳೆಯ ಪಟ್ಟಿ ಎಂದು ಗುರುತಿಸಿ ರಿಯಾಕ್ಟ್ ಪರದೆಯನ್ನು ಮುಟ್ಟದೆ ಸುಮ್ಮನಾಗುತ್ತದೆ.

ಮೂರನೆಯ ದೂರು ನಕ್ಷೆಯ ಮೇಲಿನ ಗಡಿಯಾರದ್ದು. ಸೀಟುಗಳನ್ನು 5 ನಿಮಿಷ ಹಿಡಿದಿಡುತ್ತೇವೆ ಎಂಬ ಸೂಚನೆ, ಅದರ ಪಕ್ಕ 5:00. ಒಂದು ಸೆಕೆಂಡ್ ಕಳೆಯಿತು, 4:59. ಇನ್ನೊಂದು ಸೆಕೆಂಡ್. 4:59. ನೀವಿಬ್ಬರೂ ನೋಡುತ್ತಲೇ ಇದ್ದೀರಿ, ಅಂಕಿ ಅಲುಗುತ್ತಿಲ್ಲ. “ಟೈಮರ್ ನಿಂತ್ಹೋಯ್ತಾ?” ಇಲ್ಲ, ಪ್ರತಿ ಸೆಕೆಂಡ್ ಓಡುತ್ತಿದೆ. ಯೂಸ್‌ಎಫೆಕ್ಟ್‌ನೊಳಗೆ ಸೆಟ್‌ಇಂಟರ್‌ವಲ್ ಒಂದೇ ಸಲ ಶುರುವಾಗಿದೆ, ಆಗ ಅದರ ಕೈಗೆ ಸಿಕ್ಕ ಮೌಲ್ಯ 300 ಸೆಕೆಂಡ್. ಪ್ರತಿ ಸಲವೂ ಅದು 300ರಿಂದ ಒಂದನ್ನು ಕಳೆದು 299 ಎಂದು ಒಪ್ಪಿಸುತ್ತಿದೆ. ಹಳೆಯ ಚಾರ್ಟ್ ಹಿಡಿದು ಓಡಾಡುವವನ ತಪ್ಪೇ ಇಲ್ಲೂ.

ಸೀಟಿನ ಪಟ್ಟಿಗೆ ಕೊಟ್ಟ ಮದ್ದನ್ನೇ ಕೊಟ್ಟರೆ ಅಂಕಿ ಇಳಿಯುತ್ತದೆ. ನನಗೆ ಅದು ಸಾಲದು ಅನ್ನಿಸುತ್ತದೆ. ಗಿರಾಕಿ ಹಣ ಕಟ್ಟುವ ಆಪ್‌ಗೆ ಹೋಗಿ ಬರುತ್ತಾರೆ, ಆ ಹೊತ್ತಿನಲ್ಲಿ ಹಿಂದೆ ಸರಿದ ಟ್ಯಾಬ್‌ನ ಟೈಮರ್ ವೇಗವನ್ನು ಬ್ರೌಸರ್ ತಗ್ಗಿಸುತ್ತದೆ. ಫೋನು ಲಾಕ್ ಆದರೆ ಪೂರ್ತಿ ನಿಂತೂ ಹೋಗಬಹುದು. ಮರಳಿ ಬಂದಾಗ ಪರದೆ 3:40 ಅನ್ನುತ್ತಿರುತ್ತದೆ, ನಿಜವಾಗಿ ಸೀಟು ಕೈತಪ್ಪಿ ಹೋಗಿರುತ್ತದೆ. ಉಳಿದ ಸೆಕೆಂಡುಗಳನ್ನು ಸ್ಟೇಟ್‌ನಲ್ಲಿ ಇಡಬೇಡಿ. ಗಡುವು ಮುಗಿಯುವ ಗಂಟೆಯನ್ನು ಇಡಿ. ಟೈಮರ್ ಈಗಿನ ಸಮಯವನ್ನು ಓದಲಿ, ಉಳಿದ ಸಮಯ ಬರೀ ಕಳೆಯುವ ಲೆಕ್ಕ. ಮೊತ್ತಕ್ಕೆ ಮಾಡಿದ್ದನ್ನೇ ಇಲ್ಲೂ ಮಾಡಿದಿರಿ.

ಈಗ ಕೊನೆಯದು. “ಇದನ್ನ ನೋಡಿದ್ರೆ ನಂಗೇ ಭಯ ಆಯ್ತು,” ಅನ್ನುತ್ತಾ ಅವರು ಪ್ರಯಾಣಿಕರ ಹೆಸರು ತುಂಬುತ್ತಾರೆ: 7ಕ್ಕೆ ಅಮ್ಮ, 8ಕ್ಕೆ ಮಗಳು, 9ಕ್ಕೆ ಅಜ್ಜ. ನಕ್ಷೆಯಲ್ಲಿ 7ನ್ನು ಒತ್ತಿ ತೆಗೆಯುತ್ತಾರೆ. ಉಳಿಯಬೇಕಾದವರು ಮಗಳು, ಅಜ್ಜ. ಪರದೆಯ ಮೇಲೆ 8ರ ಎದುರು ಅಮ್ಮನ ಹೆಸರಿದೆ, 9ರ ಎದುರು ಮಗಳದು. ಅಜ್ಜ ಎಲ್ಲೂ ಇಲ್ಲ. ಈ ಟಿಕೆಟ್ ಹಿಡಿದು ರಾತ್ರಿ ಬಸ್ಸು ಹತ್ತುವ ವೃದ್ಧರನ್ನು ನೆನೆಸಿಕೊಂಡರೆ ಇದನ್ನು ಚಿಕ್ಕ ಬಗ್ ಅನ್ನಲು ಮನಸ್ಸು ಬರುವುದಿಲ್ಲ.

ಹೆಸರು ತುಂಬುವ ಪ್ರತಿ ಸಾಲೂ ಒಂದು ಕಾಂಪೊನೆಂಟ್, ಹೆಸರು ಅದರದೇ ಸ್ಟೇಟ್. ಆದರೆ ಸ್ಟೇಟ್ ಇರುವುದು ಫಂಕ್ಷನ್ನಿನೊಳಗಲ್ಲ. ಫಂಕ್ಷನ್ ಓಡಿ ಮುಗಿದರೆ ಅದರ ಒಳಗಿನದೆಲ್ಲ ಹೋಯಿತು. ರಿಯಾಕ್ಟ್ ತನ್ನಲ್ಲೇ ಒಂದು ಮರವನ್ನು ಇಟ್ಟುಕೊಂಡು, ಅದರಲ್ಲಿ ಆ ಕಾಂಪೊನೆಂಟ್ ಕೂತ ಜಾಗಕ್ಕೆ ಸ್ಟೇಟನ್ನು ಕಟ್ಟಿರುತ್ತದೆ. ಆ ಜಾಗದಲ್ಲಿ ಯೂಸ್‌ಸ್ಟೇಟ್‌ಗಳನ್ನು ಕರೆದ ಕ್ರಮದಿಂದಲೇ ಯಾವುದು ಯಾವುದೆಂದು ಗುರುತು. 2019ರ ಫೆಬ್ರವರಿಯಲ್ಲಿ 16.8ನೇ ಆವೃತ್ತಿಯೊಂದಿಗೆ ಯೂಸ್‌ಸ್ಟೇಟ್‌ನಂಥ ಹುಕ್‌ಗಳು ಬಂದಾಗಿನಿಂದ ಅವನ್ನು ಇಫ್‌ನೊಳಗೆ ಕರೆಯಬಾರದು ಅನ್ನುವುದು ಇದೇ ಕಾರಣಕ್ಕೆ. ಪಟ್ಟಿಯಲ್ಲಿ ಒಂದೇ ಬಗೆಯ ಹಲವು ಸಾಲುಗಳಿದ್ದಾಗ ಜಾಗವನ್ನು ಗುರುತಿಸಲು ನೀವು ಕೀ ಕೊಡಬೇಕು. ಇಲ್ಲಿ ಕೊಟ್ಟಿರುವುದು ಸಾಲಿನ ಕ್ರಮಸಂಖ್ಯೆ: 0, 1, 2. ಸೀಟು 7 ಹೋದಾಗ 8 ಮೇಲೆ ಬಂದು 0 ಆಯಿತು, 0ಕ್ಕೆ ಕಟ್ಟಿದ್ದ ಹೆಸರು ಅಮ್ಮನದು. ರಿಯಾಕ್ಟ್ ಹೇಳಿದಷ್ಟು ಮಾಡಿತು.

ಕೀಗೆ ಸೀಟಿನ ಸಂಖ್ಯೆ ಕೊಡುತ್ತೀರಿ. 7 ತೆಗೆದರೆ ಅಮ್ಮ ಮಾತ್ರ ಹೋಗುತ್ತಾರೆ, ಮಗಳೂ ಅಜ್ಜನೂ ತಮ್ಮ ಜಾಗದಲ್ಲೇ ಇರುತ್ತಾರೆ. ಆದರೆ ಗಿರಾಕಿ ಕೈತಪ್ಪಿ 9ನ್ನು ತೆಗೆದು ಮತ್ತೆ ಒತ್ತಿದರೆ ಅಜ್ಜನ ಹೆಸರು ಖಾಲಿ. ಕಾಂಪೊನೆಂಟ್ ಮರದಿಂದ ಇಳಿದಾಗ ಅದರ ಸ್ಟೇಟೂ ಅಳಿಯಿತು. ಹೆಸರುಗಳನ್ನು ಸೀಟಿನ ಸಂಖ್ಯೆಯ ಜೊತೆ ಮೇಲಿನ ಕಾಂಪೊನೆಂಟ್‌ಗೆ ಎತ್ತಿ ಇಡುತ್ತೀರಿ, ಕೆಳಗಿನ ಸಾಲು ಅವನ್ನು ಮೇಲಿನಿಂದ ಬರುವ ಪ್ರಾಪ್ಸ್ ಮೂಲಕ ಓದುತ್ತದೆ. ಕೆಲಸ ಮುಗಿದಾಗ ಕೋಡಿನಲ್ಲಿ ಉಳಿದ ಸ್ಟೇಟ್ ನಾಲ್ಕೇ: ಆಯ್ದ ಸೀಟುಗಳು, ಹೆಸರುಗಳು, ಗಡುವು, ಈಗಿನ ಸಮಯ.

ಸಹೋದ್ಯೋಗಿ ಇನ್ನೊಂದು ಬ್ರೌಸರ್ ತೆರೆದು ಅದೇ ಬಸ್ಸಿನ 9ನೇ ಸೀಟನ್ನು ಒತ್ತುತ್ತಾರೆ. ಅಲ್ಲೂ ಹಸಿರು. “ಇಬ್ಬರಿಗೂ ಸಿಕ್ತಲ್ಲ, ಯಾರಿಗೆ ಕೊಡೋದು?” ರಿಯಾಕ್ಟ್‌ನ ಯಾವ ಹುಕ್ಕೂ ಇದಕ್ಕೆ ಉತ್ತರ ಕೊಡಲಾರದು. ಸೀಟು ಖಾಲಿಯೋ ಅಲ್ಲವೋ ಎಂಬುದರ ಮೂಲ ಇರುವುದು ಸರ್ವರ್‌ನ ಡೇಟಾಬೇಸ್‌ನಲ್ಲಿ, ಬ್ರೌಸರ್‌ನಲ್ಲಿ ಇರುವುದು ಅದರ ನಕಲು. ಹಣ ಕಟ್ಟಿಸಿಕೊಳ್ಳುವ ಮೊದಲು ಸರ್ವರನ್ನು ಕೇಳಲೇಬೇಕು.